ಲೆಕ್ಕಕ್ಕೆ ಸಿಗದ ಆನಾ ಮಗ್ದಲೇನಾ

ಪಿಯಾನೊ ಅಭ್ಯಾಸಕ್ಕೆ ಕುಳಿತ ಮಕ್ಕಳು ಮೊದಲ ಒಂದೆರಡು ವರ್ಷಗಳಲ್ಲಿ ಸಾಮಾನ್ಯವಾಗಿ ಕಲಿಯುವ ಪುಟ್ಟ ನೃತ್ಯರಚನೆಯೊಂದಿದೆ: ಜಿ ಮೇಜರ್ ಮಿನ್ಯುಯೆಟ್. ಮೂರೆಣಿಕೆಯ ಲಯ, ಬಲಗೈಗೆ ಸರಳ ರಾಗ, ಎಡಗೈಗೆ ಅದಕ್ಕಿಂತಲೂ ಸರಳವಾದ ಜೊತೆ. ಅದರ ಮೇಲೆ ಬಹುಕಾಲ ಅಚ್ಚಾಗುತ್ತಿದ್ದುದು ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಹೆಸರು. ಅದು ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನ ರಚನೆಯೆಂದು ವಿದ್ವಾಂಸರು ಗುರುತಿಸಿದ್ದು 1970ರ ದಶಕದಲ್ಲಿ. ಆದರೆ ಅದನ್ನು ಬರೆದಿಟ್ಟು ನಮಗೆ ಉಳಿಸಿಕೊಟ್ಟದ್ದು ಬಾಖ್‌ನ ಎರಡನೆಯ ಪತ್ನಿ ಆನಾ ಮಗ್ದಲೇನಾಳ ಕೈ.

1701ರಲ್ಲಿ ಜರ್ಮನಿಯ ಝೈಟ್ಸ್‌ನಲ್ಲಿ ಆಸ್ಥಾನದ ತುತ್ತೂರಿವಾದಕನ ಮಗಳಾಗಿ ಜನಿಸಿದ ಆಕೆ, ಕ್ಯೋಥನ್ ಆಸ್ಥಾನದಲ್ಲಿ ವೇತನ ಪಡೆಯುತ್ತಿದ್ದ ಗಾಯಕಿ. 1721ರ ಡಿಸೆಂಬರಿನಲ್ಲಿ, ನಾಲ್ಕು ಮಕ್ಕಳ ತಂದೆಯಾಗಿದ್ದ ವಿಧುರ ಬಾಖ್‌ನನ್ನು ವರಿಸಿದಾಗ ಆಕೆಗೆ 20 ವರ್ಷ, ಅವನಿಗೆ 36. 1723ರಲ್ಲಿ ಸಂಸಾರ ಲೈಪ್‌ಜಿಗ್‌ಗೆ ಬಂತು. ಅಲ್ಲಿನ ಚರ್ಚುಗಳ ಗಾಯನವೃಂದದಲ್ಲಿ ಹೆಣ್ಣಿಗೆ ಸ್ಥಾನವಿರಲಿಲ್ಲ. ಆಕೆ ಹೆತ್ತ 13 ಮಕ್ಕಳಲ್ಲಿ ಏಳು ಎಳವೆಯಲ್ಲಿಯೇ ತೀರಿಹೋದವು.

ಬಾಖ್ ಆಕೆಗಾಗಿ 1722ರಲ್ಲಿ ಒಂದು, 1725ರಲ್ಲಿ ಇನ್ನೊಂದು ಸಂಗೀತದ ಪುಸ್ತಕವನ್ನು ಆರಂಭಿಸಿದ. ಎರಡನೆಯದರ ಮೊದಲಲ್ಲಿ ಅವನವೇ ಎರಡು ಪಾರ್ಟಿಟಾಗಳಿವೆ. ಮುಂದಿನ ಪುಟಗಳನ್ನು ಹೆಚ್ಚಾಗಿ ತುಂಬಿದವಳು ಆಕೆ. ಮಿನ್ಯುಯೆಟ್, ಪೊಲೊನೇಸ್, ಮಾರ್ಚ್, ಹಾಡುಗಳು. ಫ್ರಾನ್ಸಿನ ಕೂಪೆರಾನ್‌ನದೊಂದು ರಚನೆ, ಮಲಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್‌ನ ಎಳೆಯ ಪ್ರಯತ್ನಗಳು. ಮನೆಯ ಬಳಕೆಯ ಪುಸ್ತಕವಾದ್ದರಿಂದ ಎಷ್ಟೋ ಕಡೆ ರಚಿಸಿದವರ ಹೆಸರಿಲ್ಲ. ಗಂಡನ ಕೃತಿಗಳನ್ನೂ ಆಕೆ ನಕಲು ಮಾಡಿದಳು. ಬಾಖ್‌ನ ಸೆಲ್ಲೊ ಸೂಟ್‌ಗಳ ಸ್ವಹಸ್ತಪ್ರತಿ ಇಂದು ಲಭ್ಯವಿಲ್ಲ; ಆಕೆಯ ನಕಲೇ ಅವುಗಳಿಗೆ ಮುಖ್ಯ ಆಧಾರ.

1750ರ ಜುಲೈ 28ರಂದು ಬಾಖ್ ಉಯಿಲು ಬರೆಯದೆ ತೀರಿಕೊಂಡ. ಆಸ್ತಿಯ ಮೂರನೆಯ ಒಂದು ಪಾಲು ಆಕೆಗೆ, ಉಳಿದದ್ದು ಒಂಬತ್ತು ಮಕ್ಕಳಿಗೆ ಹಂಚಿಕೆಯಾಯಿತು. ನಗರಸಭೆ ಅರ್ಧ ವರ್ಷದ ವೇತನವನ್ನು ಅನುಗ್ರಹವೆಂದು ಮಂಜೂರು ಮಾಡಿತು. 1723ರಲ್ಲಿ ಬಾಖ್ ಕೆಲಸಕ್ಕೆ ಸೇರುವ ಮುಂಚಿನ ದಿನಗಳಿಗೂ ಸಂಬಳ ಸಂದಿತ್ತೆಂದು ಲೆಕ್ಕ ತೆಗೆದು, ಆ ಮೊತ್ತವನ್ನು ವಿಧವೆಯ ಹಣದಲ್ಲಿ ಕಡಿತಗೊಳಿಸಿತು. 1752ರಲ್ಲಿ ಆಕೆಯ ಬಡತನವನ್ನು ಪರಿಗಣಿಸಿ, ಆಕೆ ಒಪ್ಪಿಸಿದ ಕೆಲವು ಸಂಗೀತಕೃತಿಗಳಿಗಾಗಿ 40 ಥಾಲರ್ ಕೊಟ್ಟಿತು. 1760ರ ಫೆಬ್ರುವರಿ 27ರಂದು ಆಕೆ ತೀರಿಕೊಂಡಾಗ ದಾಖಲೆಯಲ್ಲಿ ನಮೂದಾದದ್ದು ಭಿಕ್ಷಾನ್ನದ ಆಶ್ರಿತೆ ಎಂದು.

ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನನ್ನು ಹೆಚ್ಚು ಕಾಡುವುದು ಆ ಕಡಿತ. ಲೆಕ್ಕಪತ್ರದ ದೃಷ್ಟಿಯಿಂದ ಅದರಲ್ಲಿ ದೋಷವಿರಲಾರದು. ಆದರೆ 27 ವರ್ಷದ ಹಿಂದಿನ ಹೆಚ್ಚುವರಿ ಪಾವತಿಯನ್ನು ನೆನಪಿಟ್ಟ ಕಡತಕ್ಕೆ, ಅದೇ 27 ವರ್ಷ ಆ ಮನೆಯಲ್ಲಿ ಸಂದ ದುಡಿಮೆ ಕಾಣಲಿಲ್ಲ. ಅರ್ಥಶಾಸ್ತ್ರವೂ ಮನೆಯೊಳಗಿನ ಶ್ರಮವನ್ನು ರಾಷ್ಟ್ರೀಯ ವರಮಾನದಿಂದ ಹೊರಗಿಟ್ಟೇ ಬಂದಿದೆ. ಕುಟುಂಬ ಪಿಂಚಣಿಯನ್ನು ಔದಾರ್ಯವೆಂದು ಭಾವಿಸುವವರು ಈ ಬದುಕನ್ನು ನೆನೆಯಬೇಕು. ಅನುಗ್ರಹಕ್ಕೆ ಅವಧಿಯಿದೆ, ಹಕ್ಕಿಗಿಲ್ಲ.

ಹೊಸ ಮುದ್ರಣಗಳಲ್ಲಿ ಆ ಮಿನ್ಯುಯೆಟ್ಟಿನ ಮೇಲೆ ಪೆಟ್ಸೋಲ್ಡ್‌ನ ಹೆಸರು ಕಾಣತೊಡಗಿದೆ. ಅದು ನ್ಯಾಯ. ಮಕ್ಕಳಿಗೆ ಅದನ್ನು ಕಲಿಸುವ ಗುರುಗಳು ಬರೆದಿಟ್ಟವಳ ಹೆಸರನ್ನೂ ಒಮ್ಮೆ ಹೇಳಿದರೆ ಬಾಕಿಯಲ್ಲಿ ಒಂದಂಶವಾದರೂ ಸಂದಾಯವಾಗುತ್ತದೆ.