ಜಾನ್ ಹಂಟರನೂ ಹಾಡುಹಕ್ಕಿಗಳೂ

ಶಸ್ತ್ರವೈದ್ಯರು ಗುರುವೆಂದು ನೆನೆಯುವ ಜಾನ್ ಹಂಟರನನ್ನು ನಾನು ನೆನೆಯುವುದು ಹಕ್ಕಿಗಳ ಕಾರಣದಿಂದ. 1728ರಲ್ಲಿ ಸ್ಕಾಟ್ಲೆಂಡಿನಲ್ಲಿ, ಹತ್ತು ಮಕ್ಕಳಲ್ಲಿ ಕಡೆಯವನಾಗಿ ಹುಟ್ಟಿದ ಈತನಿಗೆ ಶಾಲೆಯ ಓದು ಒಗ್ಗಲಿಲ್ಲ. 1748ರಲ್ಲಿ ಲಂಡನ್ನಿಗೆ ಹೋಗಿ, ಅಣ್ಣ ವಿಲಿಯಮ್ಮನ ಅಂಗರಚನಾ ಶಾಲೆಯಲ್ಲಿ ಶವಚ್ಛೇದನ ಕಲಿತನು. ಅಲ್ಲಿಗೆ ಬರುತ್ತಿದ್ದ ಹೆಣಗಳಲ್ಲಿ ಗೋರಿಯಿಂದ ಕದ್ದವೂ ಇದ್ದವು. ಅದನ್ನು ಮುಚ್ಚಿಟ್ಟು ಆತನನ್ನು ಹೊಗಳುವುದು ನನಗೆ ಸರಿದೋರದು.

ಡೇನ್ಸ್ ಬ್ಯಾರಿಂಗ್‌ಟನ್ ಎಂಬ ನ್ಯಾಯಾಧೀಶನಿಗೆ ಹಕ್ಕಿಯ ಹಾಡೆಂದರೆ ಹುಚ್ಚು. ಆತನಿಗಾಗಿ ಹಂಟರನು ಹಾಡುಹಕ್ಕಿಗಳ ಕೊರಳನ್ನು ಕೊಯ್ದು ನೋಡಿದನು. ಅಷ್ಟೇ ಗಾತ್ರದ ಬೇರೆ ಹಕ್ಕಿಗಳಿಗಿಂತ ನೈಟಿಂಗೇಲಿನ ಧ್ವನಿಪೆಟ್ಟಿಗೆಯ ಸ್ನಾಯುಗಳು ಬಲವಾಗಿದ್ದವು. ಹೆಣ್ಣಿಗಿಂತ ಗಂಡಿನಲ್ಲಿ ಅವು ಬಲಿಷ್ಠವಾಗಿದ್ದವು. 1773ರಲ್ಲಿ ಬ್ಯಾರಿಂಗ್‌ಟನ್ ಇದನ್ನು ಪ್ರಕಟಿಸಿದನು. ಗಂಡಿನ ಗರಿ ತಳೆದ ಹೆಣ್ಣು ಫೆಸೆಂಟ್ ಹಕ್ಕಿಯ ವಿಷಯವನ್ನು 1780ರಲ್ಲಿ ಹಂಟರನೇ ಬರೆದನು. ಗಂಡುಹೆಣ್ಣಿನ ಭೇದ ಎಲ್ಲಿ ಅಡಗಿದೆಯೆಂಬ ಪ್ರಶ್ನೆ ಆತನನ್ನು ಬಿಟ್ಟಿರಲಿಲ್ಲ.

1793ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದ ನಡೆದಾಗ ಕುಸಿದು ಸತ್ತನು. ಆತನು ಕೂಡಿಟ್ಟಿದ್ದ ಸುಮಾರು 14,000 ಮಾದರಿಗಳನ್ನು 1799ರಲ್ಲಿ ಸರ್ಕಾರ ಕೊಂಡಿತು.

ಕೊರಳಿನಲ್ಲಿ ನಿಂತ ಆ ಕತ್ತಿ ತಲೆಗೆ ಏರಿದ್ದರೆ? ಹೆಚ್ಚೇನೂ ಕಾಣುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಮಿದುಳನ್ನು ತೆಳುವಾಗಿ ಸೀಳಿ ಬಣ್ಣವೇರಿಸುವ ವಿದ್ಯೆ ಆಗಿನ್ನೂ ಬಂದಿರಲಿಲ್ಲ. 1976ರಲ್ಲಿ ನಾಟೆಬೋಮ್ ಮತ್ತು ಆರ್ನಲ್ಡ್ ಎಂಬ ವಿಜ್ಞಾನಿಗಳು, ಕ್ಯಾನರಿ ಮತ್ತು ಜೀಬ್ರಾ ಫಿಂಚ್ ಹಕ್ಕಿಗಳಲ್ಲಿ ಹಾಡನ್ನು ಆಳುವ ಮಿದುಳಿನ ಭಾಗಗಳು ಗಂಡಿನಲ್ಲೇ ಬಹಳ ದೊಡ್ಡವೆಂದು ತೋರಿಸಿದರು. ಫಿಂಚ್‌ನ ಹೆಣ್ಣು ಹಾಡುವುದೇ ಇಲ್ಲ. ಗಂಡುಹೆಣ್ಣು ಜೊತೆಗೂಡಿ ಹಾಡುವ ಕೆಲವು ರೆನ್ ಹಕ್ಕಿಗಳಲ್ಲಾದರೋ ಆ ಅಂತರ ಅತ್ಯಲ್ಪ.