ನರಗುಂದದ ಬಾಬಾಸಾಹೇಬ: ಪ್ರದರ್ಶನ ಮತ್ತು ಜನಸ್ಮೃತಿ

ನರಗುಂದ ಸಂಸ್ಥಾನದ ಕೊನೆಯ ಅರಸ ಭಾಸ್ಕರರಾವ್ ಭಾವೆ ಜನರ ನಾಲಗೆಯಲ್ಲಿ ಬಾಬಾಸಾಹೇಬನೆಂದೇ ಉಳಿದವನು. 1842ರಲ್ಲಿ ಅಧಿಕಾರಕ್ಕೆ ಬಂದ ಈತನನ್ನು ಬ್ರಿಟಿಷ್ ದಾಖಲೆಗಳು ಬುದ್ಧಿವಂತ ಅರಸನೆಂದು ಗುರುತಿಸಿವೆ. ಅವನ ಗ್ರಂಥಭಂಡಾರದಲ್ಲಿ ಮೂರು ನಾಲ್ಕು ಸಾವಿರ ಹೊತ್ತಗೆಗಳಿದ್ದವೆಂದೂ ಅವು ಹೇಳುತ್ತವೆ. ಮಗನನ್ನು ಕಳೆದುಕೊಂಡ ಅರಸನಿಗೆ ದತ್ತು ಸ್ವೀಕಾರದ ಅನುಮತಿ ದೊರೆಯಲಿಲ್ಲ. ಅದರ ಮೇಲೆ ನಿಶ್ಶಸ್ತ್ರೀಕರಣದ ಆಜ್ಞೆ ಬಂದಿತು. ಇದೇ ಆಜ್ಞೆಗೆ 1857ರಲ್ಲಿ ಹಲಗಲಿಯ ಬೇಡರು ಎದುರು ನಿಂತಿದ್ದರು. ಅವರ ಲಾವಣಿಯನ್ನು ಫ್ಲೀಟ್ ಮುಂದೆ ಸಂಗ್ರಹಿಸಿ ಪ್ರಕಟಿಸಿದನು.

1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಅವನ ರುಂಡವನ್ನು ನರಗುಂದದ ಅಗಸಿಗೆ ಕಟ್ಟಲಾಯಿತು. ಈ ಕೃತ್ಯವನ್ನು ಕೇವಲ ಕ್ರೌರ್ಯವೆಂದು ಓದಿದರೆ ಅರ್ಥ ಅಪೂರ್ಣವಾಗುತ್ತದೆ; ಊರ ಬಾಗಿಲು ಅಂದು ರಂಗವಾಗಿತ್ತು, ಪ್ರಜೆಗಳು ಪ್ರೇಕ್ಷಕರಾಗಿದ್ದರು. ಕಂಪನಿ ಸರ್ಕಾರವೂ ಅದೇ ಭಾಷೆಯಲ್ಲಿ ಉತ್ತರಿಸಿತು. ಜೂನ್ ಆರಂಭದಲ್ಲಿ ಕೋಟೆ ಬಿದ್ದಿತು. ತಲೆಮರೆಸಿಕೊಂಡ ಅರಸನನ್ನು ಪೊಲೀಸ್ ಅಧಿಕಾರಿ ಸೌಟರ್ ಸೆರೆಹಿಡಿದನು. ಜೂನ್ 12ರಂದು ಬೆಳಗಾವಿಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಮ್ಯಾನ್ಸನ್‌ನ ಹತ್ಯೆಯಿಂದ ಗಲ್ಲಿನವರೆಗೆ ಕಳೆದದ್ದು ಎರಡೇ ವಾರ. ಅರಸನ ತಾಯಿ ಮತ್ತು ಪತ್ನಿ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ಅವರ ಸಾವಿಗೆ ಮಾತ್ರ ನೋಡುಗರಿರಲಿಲ್ಲ.

ಭಯ ಹುಟ್ಟಿಸಲೆಂದು ಏರ್ಪಡಿಸಿದ ಗಲ್ಲಿನ ದೃಶ್ಯ ಜನಸ್ಮೃತಿಯಲ್ಲಿ ಅರ್ಥ ಬದಲಿಸಿಕೊಂಡಿತು. ಲಾವಣಿಗೂ ನಾಟಕಕ್ಕೂ ವಸ್ತುವಾದಾಗ ಅಪರಾಧಿಯ ಸ್ಥಾನದಲ್ಲಿ ವೀರ ನಿಂತನು. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಜಾತ್ರೆಯ ಅಟ್ಟವೇ ಚರಿತ್ರೆಯ ಪಾಠಶಾಲೆಯಾಗಿದ್ದುದರಿಂದ ಈ ಪಲ್ಲಟ ಸಣ್ಣದಲ್ಲ. ಆದರೆ ರಂಗ ತನಗೆ ಬೇಕಾದುದನ್ನಷ್ಟೇ ಆರಿಸಿಕೊಳ್ಳುತ್ತದೆ. ಖಡ್ಗ ಹಿಡಿದ ಬಾಬಾಸಾಹೇಬ ಅಲ್ಲಿ ಸಲೀಸಾಗಿ ನಿಲ್ಲುತ್ತಾನೆ, ಗ್ರಂಥಗಳ ನಡುವೆ ಕುಳಿತವನಿಗೆ ಎಡೆಯಿಲ್ಲ. ತೋಪುಗಳನ್ನು ಒಪ್ಪಿಸಬೇಕೋ ಬೇಡವೋ ಎಂದು ತೂಗಿ ನೋಡುವ ಅರಸನಿಗೂ ಇಲ್ಲ. ಹಿಂಜರಿಕೆಯನ್ನು ಡಪ್ಪಿನ ಗತ್ತಿಗೆ ಹಾಡುವುದು ಕಷ್ಟವೇ ಸರಿ. ಹೀಗಾಗಿ ಅರಸನ ಆಂತರಿಕ ಸಂಘರ್ಷವನ್ನು ಅರಿಯಲು ಸಂಶೋಧಕನು ಶತ್ರುವಿನ ಕಡತಗಳನ್ನೇ ನೆಚ್ಚಬೇಕಾಗಿರುವುದು ವಿಪರ್ಯಾಸ.

1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ನರಗುಂದದಲ್ಲಿ ಎದ್ದುನಿಂತರು; ಗೋಲಿಬಾರಿನಲ್ಲಿ ರೈತನೊಬ್ಬ ಬಲಿಯಾದನು. ಆ ಹೋರಾಟಕ್ಕೆ ಹೊಸ ಹೆಸರನ್ನು ಯಾರೂ ಹುಡುಕಲಿಲ್ಲ. ನರಗುಂದ ಬಂಡಾಯ ಎಂಬ ಹಳೆಯ ಮಾತೇ ಅದಕ್ಕೂ ಸಂದಿತು.