ಏಮಿ ಜಾನ್ಸನ್: ಹತ್ತೊಂಬತ್ತು ದಿನದ ದಾರಿ, ಒಂದು ಗಂಟೆಯ ದಾರಿ

ಇಂದು ಲಂಡನ್‌ನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಇರುವ ಸುಮಾರು 14,500 ಕಿ.ಮೀ. ದೂರವನ್ನು ವಿಮಾನ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಮುಗಿಸುತ್ತದೆ. 1930ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಏಮಿ ಜಾನ್ಸನ್ ಒಬ್ಬರೇ ಹಾರಿದಾಗ 19 ದಿನ ಹಿಡಿಯಿತು. ಹಾಗೆ ಹಾರಿದ ಮೊದಲ ಮಹಿಳೆ ಅವರು.

ಏಮಿ ಹುಟ್ಟಿದ್ದು 1903ರ ಜುಲೈ 1ರಂದು, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ. ತಂದೆ ಮೀನು ವ್ಯಾಪಾರಿ. ಮಗಳು ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಅರ್ಥಶಾಸ್ತ್ರ. (ಕಾಮರ್ಸ್‌ನವರು ಗಮನಿಸಿ!) ಆಮೇಲೆ ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಸೆಕ್ರೆಟರಿ ಕೆಲಸ. ಆ ಕೆಲಸದಲ್ಲಿದ್ದಾಗಲೇ ವಿಮಾನ ಹಾರಿಸಲು ಕಲಿತರು. ಎಂಜಿನ್ ರಿಪೇರಿಯನ್ನೂ ಕಲಿತು ಅದಕ್ಕೂ ಲೈಸೆನ್ಸ್ ಪಡೆದರು. ನನಗೆ ಹೆಚ್ಚು ಇಷ್ಟವಾದದ್ದು ಇದೇ, ಏಕೆಂದರೆ ದಾರಿಯಲ್ಲಿ ಅವರನ್ನು ಕಾಪಾಡಿದ್ದು ಈ ವಿದ್ಯೆ.

600 ಪೌಂಡ್ ಕೊಟ್ಟು ಕೊಂಡ ಹಳೆಯ ಜಿಪ್ಸಿ ಮಾತ್ ವಿಮಾನಕ್ಕೆ ಜೇಸನ್ ಎಂದು ಹೆಸರಿಟ್ಟರು. ಅದು ತಂದೆಯ ಮೀನು ವ್ಯಾಪಾರದ ಗುರುತಿನ ಹೆಸರು. ಅಲ್ಲಿಯವರೆಗೆ ಏಮಿ ಹಾರಿದ್ದ ಅತಿ ದೂರದ ಪ್ರಯಾಣವೆಂದರೆ ಲಂಡನ್‌ನಿಂದ ತಮ್ಮೂರು ಹಲ್‌ಗೆ!

ಮೇ 5ರಂದು ಹೊರಟರು. ಒಟ್ಟು ದೂರ ಸುಮಾರು 17,700 ಕಿ.ಮೀ. ಜೇಸನ್‌ನ ವೇಗ ಗಂಟೆಗೆ ಸುಮಾರು 135 ಕಿ.ಮೀ. ಭಾಗಿಸಿ ನೋಡಿದರೆ ಸುಮಾರು 130 ಗಂಟೆ, ಅಂದರೆ ಐದೂವರೆ ದಿನ. ಉಳಿದ ದಿನಗಳೆಲ್ಲ ಎಲ್ಲಿ ಹೋದವು? ಬಾಗ್ದಾದ್‌ಗೆ ಮೊದಲು ಮರಳಿನ ಬಿರುಗಾಳಿ ಅವರನ್ನು ಮರುಭೂಮಿಯಲ್ಲೇ ಇಳಿಸಿತು. ರಾತ್ರಿ ಎಂಜಿನ್ ಕೆಲಸ, ಸ್ವಲ್ಪವೇ ನಿದ್ದೆ. ಆದರೂ ಆರನೇ ದಿನ ಕರಾಚಿ ತಲುಪಿದರು. ಅದಕ್ಕೆ ಹಿಂದೆ ಬರ್ಟ್ ಹಿಂಕ್ಲರ್ ತೆಗೆದುಕೊಂಡಿದ್ದ ಸಮಯಕ್ಕಿಂತ ಎರಡು ದಿನ ಕಡಿಮೆ. ಮುಂದೆ ಪೆಟ್ರೋಲ್ ಸಾಲದೆ ಝಾನ್ಸಿಯ ಪೆರೇಡ್ ಮೈದಾನದಲ್ಲಿ ಇಳಿಯಬೇಕಾಯಿತು. ರಂಗೂನ್ ಬಳಿಯ ಇನ್ಸೀನ್‌ನಲ್ಲಿ ಮಳೆಯ ನಡುವೆ ಒಂದು ಆಟದ ಮೈದಾನದಲ್ಲಿ ಇಳಿದಾಗ ವಿಮಾನ ಹಳ್ಳಕ್ಕೆ ನುಗ್ಗಿ ರೆಕ್ಕೆ ಹರಿಯಿತು, ಪ್ರೊಪೆಲ್ಲರ್ ಮುರಿಯಿತು. ಹಿಂದಿನ ಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಹೊಲಿದ ಅಂಗಿಗಳು ಅಲ್ಲಿ ಸಿಕ್ಕವು. ಅವುಗಳಿಂದಲೇ ರೆಕ್ಕೆಗೆ ತೇಪೆ ಹಾಕಿದರು! ಆದರೆ ದಿನಗಳು ಕಳೆದವು. ಹಿಂಕ್ಲರ್‌ರ ಹದಿನೈದೂವರೆ ದಿನದ ದಾಖಲೆ ಮುರಿಯಲಾಗದೆ ಮೇ 24ರಂದು ಡಾರ್ವಿನ್ ಮುಟ್ಟಿದರು.

ಎರಡನೇ ಮಹಾಯುದ್ಧ ಬಂದಾಗ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸುವ ದಳಕ್ಕೆ ಏಮಿ ಸೇರಿದರು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್ಟನ್‌ಗೆ ಹೊರಟರು. ದೂರ ಸುಮಾರು 240 ಕಿ.ಮೀ., ಒಂದು ಗಂಟೆಯ ದಾರಿ. ಹವಾಮಾನ ಕೆಟ್ಟಿತ್ತು. ಗಂಟೆಗಟ್ಟಲೆ ಹೊತ್ತು ಕಳೆದ ಮೇಲೆ, ಕಿಡ್ಲಿಂಗ್ಟನ್‌ನಿಂದ 150 ಕಿ.ಮೀ.ಗಿಂತ ಆಚೆ, ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ಪ್ಯಾರಾಚೂಟಿನಲ್ಲಿ ಇಳಿದರು. ಅವರನ್ನು ಉಳಿಸಲು ಕೊರೆಯುವ ನೀರಿಗೆ ಹಾರಿದ ಹಡಗಿನ ಅಧಿಕಾರಿ ವಾಲ್ಟರ್ ಫ್ಲೆಚರ್ ಕೂಡ ಪ್ರಾಣ ಕಳೆದುಕೊಂಡರು. ಏಮಿಯ ದೇಹ ಸಿಗಲೇ ಇಲ್ಲ. ಜೇಸನ್ ಮಾತ್ರ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.